ನರ್ಸಿಂಗ್ ಸೀಟಿಗೆ ಮುನ್ನ: ಪೋಷಕರು ಮತ್ತು ಮಕ್ಕಳು ಒಟ್ಟಿಗೆ ಕೂತು ಓದಬೇಕಾದ ಪಾಠ



ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಟ್ರಸ್ಟಿನ ಕಚೇರಿಗೆ ಬರುವ ಪೋಷಕರಲ್ಲಿ ಹಲವರ ಪ್ರಶ್ನೆ ಒಂದೇ: "ಮಗಳನ್ನು ನರ್ಸಿಂಗ್‌ಗೆ ಸೇರಿಸಬೇಕು. ಯಾವ ಕಾಲೇಜು? ಫೀಸಿಗೆ ಟ್ರಸ್ಟ್ ಎಷ್ಟು ಕೊಡುತ್ತದೆ?" ಈ ಪ್ರಶ್ನೆ ತಪ್ಪಲ್ಲ, ಆದರೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಸಿಇಟಿ ಅರ್ಜಿಯ ದಿನ ಮುಗಿದಿರುತ್ತದೆ, ಜಾತಿ ಪ್ರಮಾಣಪತ್ರ ಮಾಡಿಸಿರುವುದಿಲ್ಲ, ಯಾರೋ ಏಜೆಂಟ್ ಮನೆಗೆ ಬಂದು ಮುಂಗಡ ಕೇಳಿ ಹೋಗಿರುತ್ತಾನೆ. ಉಳಿಯುವುದು ಆತುರದ ತೀರ್ಮಾನ ಮಾತ್ರ.

ಆದ್ದರಿಂದ ಈ ವರ್ಷದ ವರದಿಯಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಈ ಪಾಠವನ್ನೂ ಕೊಡುತ್ತಿದ್ದೇವೆ. ಇದರ ಸಾರ ಇಷ್ಟೇ: ಸೀಟು ಸಿಕ್ಕುವುದು ಗುರಿಯಲ್ಲ. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗುವುದು ಗುರಿ. ಆ ನೋಂದಣಿಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಇಂದು ಏನು ಮಾಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಯಾವ ಕೋರ್ಸ್, ಯಾರಿಗೆ?

ನರ್ಸಿಂಗ್ ಎಂದರೆ ಒಂದೇ ಕೋರ್ಸ್ ಅಲ್ಲ. ಮೂರು ದಾರಿಗಳಿವೆ.

ಮೊದಲನೆಯದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ಈ ಪದವಿ ಕಾಲೇಜುಗಳು ಸಾಮಾನ್ಯವಾಗಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರುತ್ತವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇಕಡಾ 45 ಅಂಕ ಬಂದಿರಬೇಕು. ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಉತ್ತೀರ್ಣರಾಗಿರಬೇಕು. ಗಣಿತ ಕಡ್ಡಾಯವಲ್ಲ. ಮದುವೆಯಾದವರೂ ಸೇರಬಹುದು. ಗಂಡುಮಕ್ಕಳಿಗೂ ಅವಕಾಶವಿದೆ.

ಎರಡನೆಯದು ಜಿಎನ್‌ಎಂ ಡಿಪ್ಲೊಮಾ, ಮೂರು ವರ್ಷ. ಪಿಯುಸಿಯಲ್ಲಿ ಶೇಕಡಾ 40 ಅಂಕ ಮತ್ತು ಇಂಗ್ಲಿಷ್ ಬೇಕು. ವಿಜ್ಞಾನ ಓದಿದವರಿಗೆ ಆದ್ಯತೆ ಇದ್ದರೂ ಓದದವರಿಗೆ ಬಾಗಿಲು ಮುಚ್ಚಿಲ್ಲ. ಜಿಎನ್‌ಎಂ ಮುಗಿಸಿ ನೋಂದಣಿಯಾದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಪಡೆಯಬಹುದು.

ಮೂರನೆಯದು ಎಎನ್‌ಎಂ, ಎರಡು ವರ್ಷ. ಹಳ್ಳಿಯ ಉಪಕೇಂದ್ರಗಳಲ್ಲಿ ತಾಯಿ ಮಕ್ಕಳ ಆರೈಕೆ, ಚುಚ್ಚುಮದ್ದು, ಹೆರಿಗೆಯ ಕೆಲಸಕ್ಕೆ ತಯಾರು ಮಾಡುವ ತರಬೇತಿ ಇದು.

ಇವುಗಳ ಹೆಸರಿಗೆ ಹತ್ತಿರವಾದ ಹೆಸರಿಟ್ಟುಕೊಂಡು ಆರು ತಿಂಗಳ, ಒಂದು ವರ್ಷದ "ನರ್ಸಿಂಗ್ ಸಹಾಯಕಿ" ತರಬೇತಿ ನಡೆಸುವ ಸಂಸ್ಥೆಗಳೂ ಇವೆ. ಆ ಕಲಿಕೆಯಿಂದ ಚಿಕ್ಕ ಕೆಲಸ ಸಿಗಬಹುದು, ಆದರೆ ಪರಿಷತ್ತಿನ ನೋಂದಣಿ ಸಿಗುವುದಿಲ್ಲ. ಹಣ ಕಟ್ಟುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಇದನ್ನು ಮುಗಿಸಿದರೆ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬಹುದೇ?"

ಪಿಯುಸಿಯ ಎರಡು ವರ್ಷ

ಬಿ.ಎಸ್ಸಿ. ನರ್ಸಿಂಗ್ ಬೇಕು ಎನ್ನುವವರು ಎಸ್ಸೆಸ್ಸೆಲ್ಸಿ ಮುಗಿದಾಗಲೇ ವಿಜ್ಞಾನ ವಿಭಾಗ ಆರಿಸಿಕೊಳ್ಳಬೇಕು. ಕಲಾ ವಿಭಾಗ ಓದಿ ಆಮೇಲೆ ಬಿ.ಎಸ್ಸಿ.ಗೆ ಬರಲಾಗುವುದಿಲ್ಲ. ಜೀವಶಾಸ್ತ್ರದಲ್ಲಿ ಚೆನ್ನಾಗಿ ಓದುವ ಮಕ್ಕಳು ಭೌತಶಾಸ್ತ್ರವನ್ನು ಕೈಬಿಟ್ಟು ಕೂರುವುದನ್ನು ಕಾಣುತ್ತೇವೆ. ಮೂರೂ ಸೇರಿ ಶೇಕಡಾ 45 ಎಂಬ ಲೆಕ್ಕದಲ್ಲಿ ಭೌತಶಾಸ್ತ್ರದ ಅಂಕವೂ ಸೇರುತ್ತದೆ ಎಂಬುದು ನೆನಪಿರಲಿ. ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಒಂದು ವಿಷಯ ಹೋಯಿತೆಂದು ಮನೆಯಲ್ಲಿ ಕೂರಿಸಬೇಡಿ. ಎರಡನೆಯದಕ್ಕೆ ಕೂಡಲೇ ಕಟ್ಟಿಸಿ.

ಸರ್ಕಾರಿ ಕೋಟಾದ ಬಿ.ಎಸ್ಸಿ. ನರ್ಸಿಂಗ್ ಸೀಟುಗಳನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿಯ ಮೂಲಕ ಹಂಚುತ್ತಿದೆ. "ಸಿಇಟಿ ಇಂಜಿನಿಯರಿಂಗ್‌ನವರಿಗೆ, ನಮಗೇಕೆ?" ಎಂಬ ಮಾತು ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ. ಆ ಮಾತಿನಿಂದಲೇ ಮಕ್ಕಳು ಕಡಿಮೆ ಶುಲ್ಕದ ಸೀಟು ಕಳೆದುಕೊಳ್ಳುತ್ತಾರೆ.

ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ. ಪರೀಕ್ಷೆ ಏಪ್ರಿಲ್ ತಿಂಗಳಲ್ಲಿ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ದುಬಾರಿ ಕೋಚಿಂಗ್ ಇಲ್ಲದೆಯೂ ತಯಾರಾಗಬಹುದು. ಪಿಯು ಪಠ್ಯಪುಸ್ತಕ ಕೈಯಲ್ಲಿರಲಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ತಪ್ಪಾದ ಪ್ರಶ್ನೆಯ ಪಾಠಕ್ಕೆ ಮರಳಿ ಹೋಗಿ ಓದಿ. ವಾರಕ್ಕೊಂದು ಪತ್ರಿಕೆಯಂತೆ ಡಿಸೆಂಬರಿನಿಂದ ಶುರು ಮಾಡಿದರೂ ಸಾಕಷ್ಟು ಆಗುತ್ತದೆ.

ಚುರುಕಾಗಿ ಓದುವ ಮಕ್ಕಳು ರಾಜ್ಯದ ಹೊರಗಿನ ದಾರಿಗಳನ್ನೂ ನೋಡಬಹುದು. ಏಮ್ಸ್ ಸಂಸ್ಥೆಗಳ ಬಿ.ಎಸ್ಸಿ. (ಆನರ್ಸ್) ನರ್ಸಿಂಗ್‌ಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ಹೆಣ್ಣುಮಕ್ಕಳಿಗೆ ಮಾತ್ರ, ಮತ್ತು ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಸೇನೆಯ ನರ್ಸಿಂಗ್ ಕಾಲೇಜುಗಳಿಗೆ ಸೇರಬೇಕಾದರೆ ನೀಟ್ ಬರೆದಿರಬೇಕು.

ದಾಖಲೆ: ಮೊದಲು ಹೆಸರು ಸರಿಮಾಡಿಸಿ

ನಮ್ಮ ಮನೆಗಳಲ್ಲಿ ದೊಡ್ಡ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಫಾತಿಮಾ ಬಾನು", ಆಧಾರ್‌ನಲ್ಲಿ "ಫಾತಿಮಾ ಬೇಗಂ", ರೇಷನ್ ಕಾರ್ಡಿನಲ್ಲಿ ಬರೀ "ಫಾತಿಮಾ". ತಂದೆಯ ಹೆಸರು ಒಂದು ಕಡೆ "ಮೊಹಮ್ಮದ್", ಇನ್ನೊಂದು ಕಡೆ "ಎಂಡಿ". ಇಂದು ಸಣ್ಣದಾಗಿ ಕಾಣುವ ಈ ವ್ಯತ್ಯಾಸ ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ನೋಂದಣಿಯಲ್ಲಿ, ಮುಂದೆ ಪಾಸ್‌ಪೋರ್ಟಿನಲ್ಲಿ ಮತ್ತೆ ಮತ್ತೆ ಅಡ್ಡ ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನು ಆಧಾರವಾಗಿಟ್ಟುಕೊಂಡು ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಪ್ರಥಮ ಪಿಯುಸಿಯಲ್ಲೇ ಸರಿಮಾಡಿಸಿಕೊಳ್ಳಿ. ವಿದ್ಯಾರ್ಥಿಯ ಖಾತೆಗೆ ಆಧಾರ್ ಜೋಡಣೆಯಾಗಿರಲಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಮುಸ್ಲಿಮರು ಸಾಮಾನ್ಯವಾಗಿ ಪ್ರವರ್ಗ 2ಬಿ ಅಡಿಯಲ್ಲಿ ಬರುತ್ತಾರೆ. ಪ್ರಮಾಣಪತ್ರ ನಮೂನೆ ಎಫ್‌ನಲ್ಲಿರುತ್ತದೆ. ಆದರೆ ನದಾಫ್, ಪಿಂಜಾರ, ಛಪ್ಪರ್‌ಬಂದ್ ಮುಂತಾದ ಕೆಲವು ಸಮುದಾಯಗಳು ಪ್ರವರ್ಗ 1ರಲ್ಲಿವೆ. ಅವರದು ನಮೂನೆ ಇ. ತಮ್ಮ ಸಮುದಾಯ ಯಾವ ಪ್ರವರ್ಗದಲ್ಲಿದೆ ಎಂದು ತಿಳಿಯದೆ 2ಬಿ ಎಂದು ಬರೆದುಬಿಡುವ ಮನೆಗಳಿವೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವ ಮುನ್ನ ಮನೆಯ ಹಿರಿಯರನ್ನು ಕೇಳಿ, ತಂದೆಯ ಶಾಲಾ ದಾಖಲೆ ನೋಡಿ. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲೇ ತುಂಬಬೇಕು. ಅದು ಇಲ್ಲದಿದ್ದರೆ ಮೀಸಲಾತಿ ಲೆಕ್ಕಕ್ಕೆ ಬರುವುದಿಲ್ಲ. ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು 371(ಜೆ) ಅರ್ಹತಾ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಇವನ್ನೆಲ್ಲ ಬೇಸಿಗೆ ರಜೆಯಲ್ಲಿ ಓಡಾಡಿ ಮಾಡಿಸುವುದು ಕಷ್ಟ. ದ್ವಿತೀಯ ಪಿಯುಸಿಯ ದಸರಾ ರಜೆಯೊಳಗೆ ಮುಗಿಸಿಟ್ಟುಕೊಂಡರೆ ಮನಸ್ಸು ಹಗುರ.

ಆಯ್ಕೆ ಪಟ್ಟಿ ತುಂಬುವಾಗ

ರ್‍ಯಾಂಕ್ ಬಂದ ಮೇಲೆ ದಾಖಲೆ ಪರಿಶೀಲನೆ, ನಂತರ ಆಯ್ಕೆ ದಾಖಲಿಸುವುದು, ಅಣಕು ಹಂಚಿಕೆ, ಆಮೇಲೆ ನಿಜವಾದ ಹಂಚಿಕೆಯ ಸುತ್ತುಗಳು. ಇಲ್ಲಿ ಪಟ್ಟಿಯ ಕ್ರಮವೇ ಮುಖ್ಯ. ಮೊದಲು ಬರೆದ ಕಾಲೇಜನ್ನು ಕಂಪ್ಯೂಟರ್ ಮೊದಲು ನೋಡುತ್ತದೆ. ಯಾವುದಾದರೂ ಒಂದು ಸಿಕ್ಕಿದರೆ ಅದರ ಕೆಳಗೆ ಬರೆದದ್ದು ಮುಂದಿನ ಸುತ್ತಿಗೆ ಉಳಿಯುವುದಿಲ್ಲ. ಆದ್ದರಿಂದ "ಸಿಗುವಂಥದ್ದು" ಮೊದಲಲ್ಲ, "ಬೇಕಾದದ್ದು" ಮೊದಲು. ಹೋಗಲು ಒಪ್ಪದ ಊರನ್ನು ಪಟ್ಟಿಯಲ್ಲಿ ಬರೆಯಲೇಬೇಡಿ.

ಸೀಟು ಹಂಚಿಕೆಯಾದಾಗ ನಾಲ್ಕು ಆಯ್ಕೆಗಳನ್ನು ಕೇಳುತ್ತಾರೆ. ಒಂದನೆಯದು: ಒಪ್ಪಿದೆ, ಸೇರುತ್ತೇನೆ. ಎರಡನೆಯದು: ಇದು ಇರಲಿ, ಇನ್ನೂ ಒಳ್ಳೆಯದು ಸಿಕ್ಕರೆ ನೋಡುತ್ತೇನೆ. ಮೂರನೆಯದು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು: ಪ್ರಕ್ರಿಯೆಯಿಂದಲೇ ಹೊರಗೆ ಹೋಗುತ್ತೇನೆ. ಇದನ್ನು ಸೈಬರ್ ಅಂಗಡಿಯವರ ಕೈಗೆ ಬಿಟ್ಟು ಬರಬೇಡಿ. ಒತ್ತುವ ಮುನ್ನ ವಿದ್ಯಾರ್ಥಿ ತಾನೇ ಓದಿ, ಮನೆಯವರೊಂದಿಗೆ ಮಾತಾಡಿ ತೀರ್ಮಾನಿಸಲಿ. ಪಾಸ್‌ವರ್ಡ್ ಮತ್ತು ಮೊಬೈಲ್ ಸಂಖ್ಯೆ ಮನೆಯವರದೇ ಆಗಿರಲಿ.

ಕಾಲೇಜು ನೋಡುವುದೆಂದರೆ ಆಸ್ಪತ್ರೆ ನೋಡುವುದು

ಹೊಳೆಯುವ ಕಟ್ಟಡ, ಬಸ್ಸು, ಬಣ್ಣದ ಕರಪತ್ರ ನೋಡಿ ಕಾಲೇಜು ಆರಿಸಬೇಡಿ. ನರ್ಸಿಂಗ್ ವಿದ್ಯಾರ್ಥಿ ಕಲಿಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಬಿ.ಎಸ್ಸಿ. ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಿ ಬೇಕು. ಆದರೆ ಪದವಿ ಪಡೆಯಲು ಆಸ್ಪತ್ರೆ ತರಬೇತಿಯ ಹಾಜರಿ ಶೇಕಡಾ 100 ಪೂರ್ಣವಾಗಿರಬೇಕು. ಇಷ್ಟು ಮಹತ್ವ ಕೊಟ್ಟ ತರಬೇತಿಗೆ ಆಸ್ಪತ್ರೆಯೇ ಸರಿಯಿಲ್ಲದಿದ್ದರೆ ಪ್ರಮಾಣಪತ್ರ ಸಿಗಬಹುದು, ಕೈಗೆ ಕೆಲಸ ಬರುವುದಿಲ್ಲ.

ಸೇರುವ ಮುನ್ನ ತಂದೆ ಅಥವಾ ತಾಯಿ ವಿದ್ಯಾರ್ಥಿಯ ಜೊತೆ ಒಂದು ದಿನ ಹೋಗಿ ಬನ್ನಿ. ಈ ಪ್ರಶ್ನೆಗಳನ್ನು ಕೇಳಿ:

1. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಎಷ್ಟು ಹಾಸಿಗೆ? ರೋಗಿಗಳು ನಿಜಕ್ಕೂ ದಾಖಲಾಗಿದ್ದಾರೆಯೇ? ವಾರ್ಡಿನ ಬಳಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ.
2. ಹೆರಿಗೆ, ಮಕ್ಕಳ ವಿಭಾಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯದ ತರಬೇತಿಗೆ ಎಲ್ಲಿಗೆ ಕಳುಹಿಸುತ್ತಾರೆ? ಪ್ರಯಾಣದ ಖರ್ಚು ಯಾರದು?
3. ಈ ವರ್ಷಕ್ಕೆ ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ರಾಜ್ಯ ಪರಿಷತ್ತಿನ ಮಾನ್ಯತೆ ಇದೆಯೇ? ಎಷ್ಟು ಸೀಟಿಗೆ? ಪತ್ರ ತೋರಿಸಲು ಹೇಳಿ. ಹಳೆಯ ವರ್ಷದ ಪತ್ರಕ್ಕೆ ಒಪ್ಪಬೇಡಿ. ಹೊರರಾಜ್ಯ, ಹೊರದೇಶಕ್ಕೆ ಹೋಗುವ ಆಸೆಯಿದ್ದವರು ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯನ್ನೂ ನೋಡಲಿ.
4. ಪಾಠ ಮಾಡುವ ಉಪನ್ಯಾಸಕರು ಎಷ್ಟು ಮಂದಿ? ವಿದ್ಯಾರ್ಥಿಗಳೊಂದಿಗೆ ವಾರ್ಡಿಗೆ ಅವರು ಬರುತ್ತಾರೆಯೇ?
5. ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಮಾತಾಡಿಸಿ. "ಈವರೆಗೆ ಎಷ್ಟು ಹೆರಿಗೆ ನೋಡಿದ್ದೀಯಮ್ಮ?" ಎಂಬ ಒಂದು ಪ್ರಶ್ನೆಗೆ ಸಿಗುವ ಉತ್ತರ ಕರಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

"ಕಾಲೇಜಿಗೆ ಬರಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಹಿಂದಿರುಗಿ. ಹಾಗೆ ಓದಿದವರ ಕೈಯಲ್ಲಿ ನಾಳೆ ನಮ್ಮ ನಿಮ್ಮ ಮನೆಯವರೇ ರೋಗಿಗಳಾಗಿ ಮಲಗಿರುತ್ತಾರೆ.

ಏಜೆಂಟರ ಮಾತು

ಏಜೆಂಟ್ ಕೊಡಿಸುವುದು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಸೀಟು. ಅದನ್ನು ಕಾಲೇಜಿಗೆ ನೇರವಾಗಿ ಹೋಗಿಯೂ ಪಡೆಯಬಹುದು. ಅವರ ಮೂಲಕ ಹೋದರೆ ಎರಡು ನಷ್ಟ. ಸರ್ಕಾರಿ ಕೋಟಾದ ಶುಲ್ಕ ಕೈತಪ್ಪುತ್ತದೆ. ಸಿಇಟಿ, ನೀಟ್ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಇರುವ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಸಾಲದಂಥ ನೆರವಿನ ದಾರಿಯೂ ಮುಚ್ಚಬಹುದು. ಆ ವರ್ಷದ ಅಧಿಸೂಚನೆಯಲ್ಲಿ ನಿಮ್ಮ ಕೋರ್ಸ್ ಸೇರಿದೆಯೇ ಎಂದು ತಾಲ್ಲೂಕಿನ ಅಲ್ಪಸಂಖ್ಯಾತರ ಮಾಹಿತಿ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಹಣವನ್ನು ಯಾವತ್ತೂ ಕಾಲೇಜಿನ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಏಜೆಂಟರ ಕೈಗೆ ಕೊಡಲೇಬೇಡಿ. ಕಾಲೇಜಿಗೆ ಕೊಡಬೇಕಾಗಿ ಬಂದರೆ ಯಾವ ಯಾವ ದಾಖಲೆ ಕೊಟ್ಟೆವು ಎಂಬುದಕ್ಕೆ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ, ಎಲ್ಲದರ ಪ್ರತಿ ಮನೆಯಲ್ಲಿರಲಿ.

ಲೆಕ್ಕ ಹಾಕಬೇಕಾದ್ದು ನಾಲ್ಕು ವರ್ಷಕ್ಕೆ

ಮೊದಲ ವರ್ಷದ ಫೀಸನ್ನು ಒಡವೆ ಅಡವಿಟ್ಟೋ, ಬಂಧುಗಳಿಂದ ಕೈಗಡ ತಂದೋ ಹೇಗೋ ಕಟ್ಟಿಬಿಡುತ್ತಾರೆ. ಕಷ್ಟ ಬರುವುದು ಎರಡನೇ, ಮೂರನೇ ವರ್ಷದಲ್ಲಿ. ಅರ್ಧಕ್ಕೆ ನಿಂತ ನರ್ಸಿಂಗ್ ಓದಿಗೆ ಅರ್ಧ ಬೆಲೆ ಇಲ್ಲ. ನೋಂದಣಿ ಇಲ್ಲದಿದ್ದರೆ ಅದು ಏನೂ ಅಲ್ಲ.

ಆದ್ದರಿಂದ ಸೇರುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ ಎಳೆದು ನಾಲ್ಕು ವರ್ಷಗಳ ಲೆಕ್ಕ ಬರೆಯಿರಿ: ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ನೋಂದಣಿ ಮತ್ತು ಪರೀಕ್ಷಾ ಶುಲ್ಕ, ಹಾಸ್ಟೆಲ್ ಮತ್ತು ಊಟ, ಸಮವಸ್ತ್ರ, ಶೂ, ಪುಸ್ತಕ, ರೆಕಾರ್ಡ್ ಪುಸ್ತಕ, ಆಸ್ಪತ್ರೆಗೆ ಓಡಾಟ, ಊರಿಗೆ ಬಂದು ಹೋಗುವ ಖರ್ಚು. ಮುಂದಿನ ವರ್ಷಗಳಲ್ಲಿ ಶುಲ್ಕ ಏರುತ್ತದೆಯೇ ಎಂದು ಕಾಲೇಜಿನಿಂದ ಬರವಣಿಗೆಯಲ್ಲಿ ಕೇಳಿ. ಇನ್ನೊಂದು ಕಡೆ ಬರುವ ಹಣ ಬರೆಯಿರಿ: ಮನೆಯ ಉಳಿತಾಯ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಿಂದ ಸಿಗುವುದು, ಟ್ರಸ್ಟಿನ ನೆರವು, ಕರ್ಝೆ ಹಸನಾ. ಕೊರತೆ ಎಲ್ಲಿದೆ ಎಂದು ಮೊದಲೇ ಕಂಡರೆ ದಾರಿ ಹುಡುಕಬಹುದು.

ಮನೆಯೊಳಗಿನ ಪ್ರಶ್ನೆಗಳು

"ರಾತ್ರಿ ಪಾಳಿ ಇರುತ್ತದಲ್ಲ?" "ಗಂಡಸರ ವಾರ್ಡಿನಲ್ಲಿ ಕೆಲಸ ಮಾಡಬೇಕಲ್ಲ?" "ಹಿಜಾಬ್‌ಗೆ ಬಿಡುತ್ತಾರೆಯೇ?" ಈ ಪ್ರಶ್ನೆಗಳನ್ನು ಅಜ್ಜಿ, ದೊಡ್ಡಪ್ಪ, ಮಾವ ಕೇಳಿಯೇ ಕೇಳುತ್ತಾರೆ. ಸೇರಿದ ಮೇಲೆ ಜಗಳವಾಗುವ ಬದಲು ಮೊದಲೇ ನೇರವಾಗಿ ಮಾತಾಡುವುದು ಲೇಸು.

ರಾತ್ರಿ ಪಾಳಿ ಇರುತ್ತದೆ. ಗಂಡಸರ ವಾರ್ಡಿನ ತರಬೇತಿಯೂ ಇರುತ್ತದೆ. ಅದನ್ನು ಬಿಟ್ಟು ಕೋರ್ಸ್ ಮುಗಿಸಲಾಗುವುದಿಲ್ಲ. ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲೇ ಇದೆಯೇ, ಪಾಳಿಗೆ ವಾಹನ ಇದೆಯೇ ಎಂದು ವಿಚಾರಿಸಿ. ಉಡುಪಿನ ನಿಯಮವನ್ನು ಸೇರುವ ಮುನ್ನವೇ ಪ್ರಾಂಶುಪಾಲರನ್ನು ಕೇಳಿ ಸ್ಪಷ್ಟ ಮಾಡಿಕೊಳ್ಳಿ. ಸೋಂಕು ತಡೆಯಲು ವಾರ್ಡಿನಲ್ಲಿ ಉಂಗುರ, ಬಳೆ ತೆಗೆದು ಮೊಣಕೈವರೆಗೆ ತೋಳು ಮಡಚಿ ಕೈ ತೊಳೆಯಬೇಕಾಗುತ್ತದೆ ಎಂಬುದನ್ನೂ ತಿಳಿದಿರಿ. ಅದು ರೋಗಿಯ ಜೀವದ ಪ್ರಶ್ನೆ.

ಇದು ನಮ್ಮವರಿಗೆ ಹೊಸ ಕೆಲಸವೂ ಅಲ್ಲ. ಪ್ರವಾದಿ (ಸ)ರ ಕಾಲದಲ್ಲಿ ರುಫೈದಾ ಅಲ್ ಅಸ್ಲಮಿಯ್ಯ (ರ) ಮದೀನಾದ ಮಸೀದಿಯಲ್ಲಿ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ)ರನ್ನು ಆರೈಕೆಗಾಗಿ ಅದೇ ಡೇರೆಗೆ ಸೇರಿಸಲಾಯಿತು. ನಮ್ಮ ಮನೆಯ ಹೆಂಗಸರಿಗೆ ಹೆರಿಗೆಯಾಗುವಾಗ ಪಕ್ಕದಲ್ಲಿ ಕಲಿತ ಹೆಣ್ಣುಮಗಳೇ ಇರಲಿ ಎಂದು ಬಯಸುತ್ತೇವೆ. ಹಾಗೆ ಕಲಿಯಲು ಯಾರ ಮನೆಯ ಮಗಳಾದರೂ ಹೋಗಲೇಬೇಕು.

ತರಗತಿ ಶುರುವಾಗುವ ಮುನ್ನದ ಅಭ್ಯಾಸ

ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವಿನ ತಿಂಗಳುಗಳನ್ನು ಹಾಳುಮಾಡಬೇಡಿ. ಮೂರು ಕೆಲಸ ಮಾಡಿ.

ಒಂದು, ಇಂಗ್ಲಿಷ್. ಪಾಠ, ಪರೀಕ್ಷೆ, ರೋಗಿಯ ದಾಖಲೆ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ, ಉರ್ದು ಮಾಧ್ಯಮದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಕಂಗೆಡುವುದು ಇಲ್ಲೇ. ದಿನಕ್ಕೆ ಹತ್ತು ವೈದ್ಯಕೀಯ ಪದ ಬರೆದು ಕಲಿಯಿರಿ. ಪದಗಳಿಗೆ ಕೀಲಿಗಳಿವೆ: "ಐಟಿಸ್" ಎಂದು ಮುಗಿದರೆ ಉರಿಯೂತ. "ಹೆಪಟೊ" ಯಕೃತ್ತು, ಆದ್ದರಿಂದ ಹೆಪಟೈಟಿಸ್ ಯಕೃತ್ತಿನ ಉರಿಯೂತ. "ನೆಫ್ರೊ" ಮೂತ್ರಪಿಂಡ, ನೆಫ್ರೈಟಿಸ್ ಎಂದರೇನು ಎಂದು ಈಗ ನೀವೇ ಹೇಳಬಲ್ಲಿರಿ.

ಎರಡು, ಲೆಕ್ಕ. ವೈದ್ಯರು ಮಗುವಿಗೆ 250 ಮಿಲಿಗ್ರಾಂ ಔಷಧಿ ಬರೆದಿದ್ದಾರೆ. ಸಿರಪ್ ಬಾಟಲಿಯ ಮೇಲೆ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಎಂದಿದೆ. ಎಷ್ಟು ಕೊಡಬೇಕು? 250ನ್ನು 125ರಿಂದ ಭಾಗಿಸಿದರೆ 2. ಅದನ್ನು 5ರಿಂದ ಗುಣಿಸಿದರೆ 10 ಮಿಲಿಲೀಟರ್. ಇನ್ನೊಂದು: 500 ಮಿಲಿಲೀಟರ್ ಡ್ರಿಪ್ 4 ಗಂಟೆಯಲ್ಲಿ ಮುಗಿಯಬೇಕು, ಒಂದು ಮಿಲಿಲೀಟರಿಗೆ 15 ಹನಿ. 500ನ್ನು 15ರಿಂದ ಗುಣಿಸಿದರೆ 7,500 ಹನಿ; 4 ಗಂಟೆ ಎಂದರೆ 240 ನಿಮಿಷ; ಭಾಗಿಸಿದರೆ ನಿಮಿಷಕ್ಕೆ ಸುಮಾರು 31 ಹನಿ. ಲೆಕ್ಕ ಸುಲಭ. ಆದರೆ ದಶಮಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ಔಷಧಿ ಹತ್ತು ಪಟ್ಟು ಹೆಚ್ಚಾಗುತ್ತದೆ. ಗಣಿತ ಕಡ್ಡಾಯವಲ್ಲ ಎಂದ ಮಾತ್ರಕ್ಕೆ ಲೆಕ್ಕ ಬೇಡ ಎಂದಲ್ಲ.

ಮೂರು, ಆರೋಗ್ಯ. ರಕ್ತ ಪರೀಕ್ಷೆ ಮಾಡಿಸಿ ರಕ್ತಹೀನತೆ ಇದ್ದರೆ ಚಿಕಿತ್ಸೆ ಪಡೆಯಿರಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ವೈದ್ಯರಲ್ಲಿ ಕೇಳಿ. ವಾಡಿಕೆಯಂತೆ ಇದು ಮೂರು ಡೋಸ್. ಮೊದಲನೆಯದರಿಂದ ಮೂರನೆಯದಕ್ಕೆ ಆರು ತಿಂಗಳು ಬೇಕು. ವಾರ್ಡಿಗೆ ಕಾಲಿಡುವ ಮುನ್ನವೇ ಶುರುವಾಗಿರಲಿ.

ಟ್ರಸ್ಟಿಗೆ ಅರ್ಜಿ ಹಾಕುವವರಿಗೆ, ಮತ್ತು ದಾನಿಗಳಿಗೆ

ನರ್ಸಿಂಗ್ ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಇವನ್ನು ಲಗತ್ತಿಸಿ: ಪಿಯುಸಿ ಅಂಕಪಟ್ಟಿ, ಸೀಟು ಹಂಚಿಕೆಯ ಪತ್ರ ಅಥವಾ ಕಾಲೇಜಿನ ಪ್ರವೇಶ ಪತ್ರ, ಆ ವರ್ಷದ ಮಾನ್ಯತೆಯ ಪ್ರತಿ, ಆದಾಯ ಪ್ರಮಾಣಪತ್ರ, ನೀವೇ ಬರೆದ ನಾಲ್ಕು ವರ್ಷದ ಖರ್ಚಿನ ಹಾಳೆ, ಮತ್ತು ನರ್ಸ್ ಆಗಬೇಕೆಂದು ಏಕೆ ಬಯಸುತ್ತೀರಿ ಎಂದು ವಿದ್ಯಾರ್ಥಿಯ ಕೈಬರಹದಲ್ಲಿ ಒಂದು ಪುಟ. ಝಕಾತ್ ನಿಧಿಯಿಂದ ನೆರವು ಬಯಸುವವರು ಮನೆಯ ಆರ್ಥಿಕ ಸ್ಥಿತಿಯನ್ನು ಮುಚ್ಚಿಡದೆ ತಿಳಿಸಬೇಕು. ಆ ವಿವರ ಕಚೇರಿಯಿಂದ ಹೊರಗೆ ಹೋಗುವುದಿಲ್ಲ.

ದಾನಿಗಳಲ್ಲಿ ನಮ್ಮ ವಿನಂತಿ: ಮೊದಲ ವರ್ಷಕ್ಕೆ ಕೊಡುವವರು ಬೇಗ ಸಿಗುತ್ತಾರೆ, ಮೂರನೇ ವರ್ಷಕ್ಕೆ ಸಿಗುವುದು ಕಷ್ಟ. ಹೊಸಬರಾಗಿ ಹತ್ತು ಮಕ್ಕಳನ್ನು ಸೇರಿಸಿ ನಡುದಾರಿಯಲ್ಲಿ ಬಿಡುವುದಕ್ಕಿಂತ ಒಬ್ಬಳನ್ನು ನೋಂದಣಿಯ ದಿನದವರೆಗೆ ಕೈಹಿಡಿದು ನಡೆಸುವುದು ದೊಡ್ಡ ಕೆಲಸ. ಸಾಧ್ಯವಾದವರು ಒಂದು ವಿದ್ಯಾರ್ಥಿಯ ನಾಲ್ಕೂ ವರ್ಷದ ಹೊಣೆ ಹೊರಲು ಮುಂದೆ ಬನ್ನಿ. ಅಷ್ಟು ಆಗದವರು ಒಂದು ಜೊತೆ ಸಮವಸ್ತ್ರ, ಒಂದು ವರ್ಷದ ಪುಸ್ತಕ, ಒಂದು ಸೆಮಿಸ್ಟರಿನ ಪರೀಕ್ಷಾ ಶುಲ್ಕ ವಹಿಸಿಕೊಂಡರೂ ಒಂದು ಓದು ನಿಲ್ಲದೆ ಮುಂದುವರಿಯುತ್ತದೆ.

ಓದುವ ಮಕ್ಕಳ ಶ್ರಮವನ್ನೂ, ಕೊಡುವವರ ದಾನವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.